ಹಗ್ಗದ ಈ ತುದಿ

ಮೇಡಂ ಬಂದು ಕೂತಿದ್ದು ನಮ್ಮ ಕೆಲಸದ ಬಕೆಟ್ಟಿನ ಮೇಲೆ. ಮನೆಯಲ್ಲಿ ಕುರ್ಚಿ ಇಲ್ಲ. ಮೂಲೆಯಲ್ಲಿ ಬೋರಲು ಹಾಕಿದ್ದ ಬಕೆಟ್ಟನ್ನು ಅವರೇ ಎಳೆದುಕೊಂಡು ಕೂತರು. ಅದರಲ್ಲಿ ಏನೇನು ತುಂಬಿ ಮೇಲೆಳೆದಿದ್ದೇವೆ ಎಂದು ಹೇಳಿದ್ದರೆ ಒಂದೇ ನೆಗೆತಕ್ಕೆ ಬೀದಿಯಲ್ಲಿರುತ್ತಿದ್ದರು. ನಾನು ಹೇಳಲಿಲ್ಲ. ಪಾಪ, ಹುಡುಕಿಕೊಂಡು ಬಂದವರು.

"ನಿಮ್ಮ ಬದುಕನ್ನೇ ಬದಲಾಯಿಸಿದ ಒಂದು ದಿನದ ಬಗ್ಗೆ ಹೇಳಿ ಅಮ್ಮ," ಎಂದು ಬೆರಳುದ್ದದ ರೆಕಾರ್ಡರನ್ನು ನೆಲದ ಮೇಲಿಟ್ಟರು. ಅವರ ಕೆಲಸವೇ ಅದಂತೆ. ಊರೂರು ತಿರುಗಿ ಜನರ ಜೊತೆ ಕೂತು ಮಾತಾಡುವುದು. ಅಪಘಾತದಲ್ಲಿ ಕಾಲು ಕಳೆದುಕೊಂಡು ಈಗ ಈಜು ಕಲಿಸುವವನು, ಕ್ಯಾನ್ಸರ್ ಗೆದ್ದವಳು, ದೊಡ್ಡ ಕೆಲಸ ಬಿಟ್ಟು ಬೇಕರಿ ಇಟ್ಟವನು. ಎಲ್ಲರಿಗೂ ಒಂದೊಂದು ದಿನ ಇತ್ತು. ನನ್ನ ದಿನ ಇವರಿಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. ಪೇಪರಿನ ಒಂದು ಮೂಲೆಯಲ್ಲಿ ಬಂದಿತ್ತಂತೆ. ಕುಡಿದು ಟ್ಯಾಂಕಿಗೆ ಇಳಿದ ಕಾರ್ಮಿಕ ಸಾವು.

"ಆ ಕಾರ್ಮಿಕ ನನ್ನ ತಮ್ಮ. ಅವನು ಕುಡಿದಿರಲಿಲ್ಲ," ಎಂದೆ.

"ಹೂಂ," ಎಂದರು ಮೇಡಂ.

"ಹೂಂಗುಟ್ಟಬೇಡಿ ಮೇಡಂ. ಏನಾದ್ರೂ ಮಾತಾಡಿ. ಬೈದ್ರೂ ಪರವಾಗಿಲ್ಲ. ಹೂಂ ಅಂತ ಮಾತ್ರ ಅನ್ಬೇಡಿ."

ಅವರು ಕಣ್ಣುಕಣ್ಣು ಬಿಟ್ಟರು. ಅರ್ಥವಾಗುವುದಾದರೂ ಹೇಗೆ? ಅದಕ್ಕೇ ಮೊದಲಿನಿಂದ ಹೇಳಿದೆ. ಮೂಲೆಯಲ್ಲಿ ತಮ್ಮನ ಹೆಂಡತಿ ನಮಗೆ ಬೆನ್ನು ಹಾಕಿ ತರಕಾರಿ ಹೆಚ್ಚುತ್ತಿದ್ದಳು. ಅವಳಿಗೂ ಕೇಳಲಿ ಎಂದು ಜೋರಾಗಿಯೇ ಹೇಳಿದೆ.

ನಮ್ಮದು ಟ್ಯಾಂಕ್ ತೊಳೆಯುವ ಕೆಲಸ. ಹೋಟೆಲು, ಆಸ್ಪತ್ರೆ, ದೊಡ್ಡ ದೊಡ್ಡ ಕಟ್ಟಡಗಳು. ಮೇಲಿನವರು ತಿಂದು ಬಿಟ್ಟಿದ್ದು, ತೊಳೆದಿದ್ದು, ಹೊರಗೆ ಹಾಕಿದ್ದು ಎಲ್ಲ ನೆಲದ ಕೆಳಗಿನ ಟ್ಯಾಂಕಿಗೆ ಬಂದು ಬೀಳುತ್ತದೆ. ನೀರು ಹರಿದು ಹೋಗುತ್ತದೆ. ಜಿಡ್ಡು ಹೋಗುವುದಿಲ್ಲ. ಗೋಡೆಗೆ ಅಂಟಿ ಗಟ್ಟಿಯಾಗುತ್ತದೆ. ಅದನ್ನು ಕೆರೆಯಲು ಒಬ್ಬ ಮನುಷ್ಯ ಒಳಗೆ ಹೋಗಬೇಕು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುತ್ತಿದ್ದವನು ನನ್ನ ತಮ್ಮ. ಹಗ್ಗದ ಈ ತುದಿ ಹಿಡಿದು ಮೇಲೆ ನಿಲ್ಲುತ್ತಿದ್ದವಳು ನಾನು. ಅವನು ತುಂಬಿಸಿ ಕೊಟ್ಟ ಬಕೆಟ್ಟನ್ನು ಎಳೆದು ಸುರಿದು ಮತ್ತೆ ಇಳಿಬಿಡುವುದೂ ನನ್ನ ಕೆಲಸವೇ. ಎಷ್ಟು ಸೋಪು ಹಾಕಿ ತಿಕ್ಕಿದರೂ ನಾತ ಉಗುರಿನ ಸಂದಿ ಬಿಟ್ಟು ಹೋಗುವುದಿಲ್ಲ. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇದ್ದರೂ ಜನ ನಿಂತುಕೊಂಡೇ ಬರುತ್ತಾರೆ.

ಒಳಗಿನ ಗಾಳಿ ಕೆಟ್ಟದ್ದು. ಕೆರೆಯುತ್ತಿರುವಾಗಲೇ ನಿದ್ದೆ ಬಂದ ಹಾಗೆ ತಲೆ ಮಂಕಾಗುತ್ತದೆ. ಅದಕ್ಕೇ ಮೇಲೆ ಹಗ್ಗ ಹಿಡಿದವರು ಮಾತಾಡಿಸುತ್ತಲೇ ಇರಬೇಕು, ಒಳಗಿರುವವನು ಹೇಳುತ್ತಲೇ ಇರಬೇಕು. ಮಾತು ತಡವರಿಸಿತೋ, ಹಿಂದೆ ಮುಂದೆ ನೋಡದೆ ಎಳೆದುಬಿಡಬೇಕು. ಹುಷಾರಾಗಿದ್ದೀಯಾ, ಇನ್ನೂ ಇದೆಯಾ ಎಂದೆಲ್ಲ ಕೇಳುವಂತಿಲ್ಲ. ತಲೆ ಹೋದವನೂ ಅದಕ್ಕೆ ಹೂಂ ಅನ್ನುತ್ತಾನೆ. ನಮ್ಮ ಚಿಕ್ಕಪ್ಪ ಹಾಗೇ ಹೋದ. ಕೇಳಿದ್ದಕ್ಕೆಲ್ಲ ಹೂಂ, ಹೂಂ ಅನ್ನುತ್ತಲೇ ಹೋಗಿಬಿಟ್ಟ. ಅವತ್ತಿನಿಂದ ನಮ್ಮಲ್ಲಿ ಹೂಂ ಎನ್ನುವುದು ಮಾತಲ್ಲ. ಕತೆ ಕೇಳಬೇಕು. ಬೆಳಿಗ್ಗೆ ಏನು ತಿಂದೆ ಎಂದರೆ ಒಂದೇ ಮಾತಿಗೆ ಮುಗಿಯುತ್ತದೆ. ಜನ್ಮದಲ್ಲಿ ಮರೆಯದೇ ಇರುವಂಥದ್ದನ್ನು, ಹೇಳಲು ಹೊರಟರೆ ನಿಲ್ಲಿಸಲಾಗದಂಥದ್ದನ್ನು ಕೆದಕಬೇಕು.

"ಹಾಗಾಗಿ ಮೇಡಂ, ನೀವು ಮಾಡೋ ಕೆಲಸಾನೇ ನಾನೂ ಮಾಡ್ತಿದ್ದೆ. ನಿಮಗೆ ರೆಕಾರ್ಡರು, ನನಗೆ ಹಗ್ಗ," ಎಂದೆ.

ಮೇಡಂ ನಕ್ಕರು. ಆಮೇಲೆ ನಗಬಾರದಿತ್ತೇನೋ ಎಂದು ಬಾಯಿಗೆ ಕೈ ಅಡ್ಡ ಇಟ್ಟರು.

ಎಷ್ಟೋ ಜನರ ದಿನಗಳು ನನ್ನ ಕಿವಿಯಲ್ಲಿವೆ. ಬೋಳ ಎಂದು ನಾವು ಕರೆಯುತ್ತಿದ್ದ ಒಬ್ಬನಿದ್ದ. ಮಾಡದ ಕಳ್ಳತನಕ್ಕೆ ಜೈಲಿಗೆ ಹೋಗಿ ಬಂದವನು. ಬಿಡುಗಡೆಯಾಗಿ ಮನೆ ಬಾಗಿಲು ತಟ್ಟಿದರೆ ಅವನಮ್ಮನೇ ಬಾಗಿಲು ತೆಗೆದು, ಯಾರು ಬೇಕಿತ್ತಪ್ಪ ಎಂದಳಂತೆ. ಇವನು ನೀರು ಬೇಕಿತ್ತು ಎಂದನಂತೆ. ಕುಡಿದು, ಲೋಟ ಕೊಟ್ಟು, ವಾಪಸ್ ಬಂದುಬಿಟ್ಟನಂತೆ. ಇದನ್ನೆಲ್ಲ ಅವನು ಗೋಡೆ ಕೆರೆಯುತ್ತ ಹೇಳಿದ್ದು. ಮೇಲೆ ಬಂದ ಮೇಲೆ ನನ್ನ ಮುಖ ಕೂಡ ನೋಡಲಿಲ್ಲ. ಇನ್ನೊಬ್ಬನಿಗೆ ಮೇಷ್ಟ್ರು ಎಂದು ಹೆಸರು. ಓದಬೇಕೆಂದು ಆಸೆ ಇದ್ದವನು. ತಾನು ಕೂತಿದ್ದ ಬೆಂಚನ್ನು ಶಾಲೆಯವರು ತನ್ನ ಕೈಯಲ್ಲೇ ತೊಳೆಸಿದ ದಿನ ಓದು ಬಿಟ್ಟವನು. ಅವನು ಅದನ್ನು ಹೇಳುವಾಗ ಹಾರೆಯ ಸದ್ದು ಜೋರಾಗುತ್ತಿತ್ತು.

ನನ್ನ ತಮ್ಮನಿಗೆ ರೇಡಿಯೋ ಎಂದೇ ಹೆಸರು. ಅವನನ್ನು ಮಾತಾಡಿಸಬೇಕಾಗಿಯೇ ಇರಲಿಲ್ಲ, ನಿಲ್ಲಿಸುವುದೇ ಕಷ್ಟ. ಅವನ ಮಗಳು ಹುಟ್ಟಿದ ಕತೆಯನ್ನಂತೂ ಎಷ್ಟು ಸಲ ಹೇಳಿದ್ದನೋ. ಈ ಊರಿನ ಒಂದೊಂದು ಟ್ಯಾಂಕಿನಲ್ಲೂ ಆ ಮಗು ಒಂದೊಂದು ಸಲ ಹುಟ್ಟಿದೆ. ಮೊದಲು ಕುಡಿಯುತ್ತಿದ್ದ, ಸುಳ್ಳೇಕೆ ಹೇಳಲಿ? ಈ ಕೆಲಸಕ್ಕೆ ಕುಡಿಯದೆ ಇಳಿಯುವವರು ಕಡಿಮೆ. ಒಂದು ಸಂಜೆ ಕುಡಿದು ಬಂದು ಮಗುವನ್ನು ಎತ್ತಿಕೊಳ್ಳಲು ಹೋದ. ಅದು ಹೆದರಿ ಕಿಟಾರನೆ ಕಿರುಚಿತು. ಅದರ ತಲೆ ಮುಟ್ಟಿ ಆಣೆ ಮಾಡಿದ. ಆಮೇಲೆ ಬಾಟಲಿ ಮುಟ್ಟಲಿಲ್ಲ. ಹೆಂಡತಿ ನಂಬಿದಳು. ನಾನೂ ನಂಬಿದೆ. ಅವನು ಹಾಗೇ ನಡೆದುಕೊಂಡ.

ಆ ದಿನ ಹೋಗಿದ್ದು ದೊಡ್ಡ ಹೋಟೆಲಿಗೆ. ಹಿಂದುಗಡೆ ಅಂಗಳದಲ್ಲಿ ಟ್ಯಾಂಕು. ಅದರ ನೇರ ಮೇಲೆ ಮಹಡಿ. ಅಲ್ಲಿ ಮೇಜು ಹಾಕಿ ಯಾರೋ ದೊಡ್ಡವರಿಗೆ ಊಟ ಬಡಿಸುತ್ತಿದ್ದರು. ನಮಗೆ ಅವರು ಕಾಣುತ್ತಿರಲಿಲ್ಲ, ಚಮಚದ ಸದ್ದು ಕೇಳುತ್ತಿತ್ತು. ತಮ್ಮ ಇಳಿದ. ನಾನು ಒಂದು ಹೊಸ ಪ್ರಶ್ನೆ ಹುಡುಕಿಟ್ಟಿದ್ದೆ.

"ಒಂದ್ಸಲ ಮನೆ ಬಿಟ್ಟು ಹೋಗಿದ್ಯಲ್ಲೋ. ಸಂಜೆ ಹೊತ್ತಿಗೆ ಯಾಕೋ ವಾಪಸ್ ಬಂದೆ? ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ ನೀನು."

"ಅಯ್ಯೋ, ಅದಾ!" ಒಳಗಿಂದ ನಗು ಬಂತು. "ಬಸ್ ಹತ್ತಿ ಕೂತೇಬಿಟ್ಟಿದ್ದೆ ಕಣಕ್ಕ. ಟಿಕೆಟ್ ಕೂಡ ತಗೊಂಡಾಗಿತ್ತು. ಕಿಟಕಿ ಪಕ್ಕ ಸೀಟು. ಇನ್ನು ಈ ನಾತ ಬೇಡ, ಈ ಊರೇ ಬೇಡ ಅಂತ. ಅಷ್ಟರಲ್ಲಿ ಒಬ್ಬ ಮುದುಕಿ ಬಂದು ನನ್ನ ಪಕ್ಕಾನೇ ಕೂತ್ಲು. ಸೀಟು ಬೇಕಾದಷ್ಟು ಖಾಲಿ ಇತ್ತು, ಆದ್ರೂ ನನ್ನ ಪಕ್ಕ. ಕೂತ್ಕೊಂಡು ನನ್ನ ಮುಖ ನೋಡಿ..."

ಅಷ್ಟರಲ್ಲಿ ಅಡುಗೆಮನೆ ಬಾಗಿಲಿಂದ ಒಬ್ಬ ವಯಸ್ಸಾದ ವೇಟರ್ ಓಡಿ ಬಂದ. "ಮ್ಯಾನೇಜರ್ ಹೇಳ್ಕಳ್ಸಿದ್ರು. ಮೇಲೆ ಗೆಸ್ಟ್ ಊಟ ಮಾಡ್ತಿದಾರೆ. ಗಲಾಟೆ ಆಗ್ಬಾರ್ದಂತೆ."

"ಇದು ಗಲಾಟೆ ಅಲ್ಲ ಕಣಣ್ಣ, ಇದೇ ನಮ್ಮ ಕೆಲಸ. ಮಾತು ಬೇಡ ಅಂದ್ರೆ ಅವನನ್ನ ಮೇಲೆಳೀತೀನಿ. ಅವರ ಊಟ ಆದ್ಮೇಲೆ ಇಳೀತಾನೆ."

ನಮ್ಮ ಮೇಸ್ತ್ರಿ ಅಡ್ಡ ಬಂದ. "ಅವರ ಊಟ ಮುಗಿಯೋ ಹೊತ್ತಿಗೆ ಕತ್ಲೆ ಆಗುತ್ತೆ. ಸಂಜೆಗೆ ಇನ್ನೊಂದು ಕಡೆ ಒಪ್ಕೊಂಡಿದೀನಿ. ಬಾಯಿ ಮುಚ್ಕೊಂಡು ನಿಂತ್ಕೋ. ಹಗ್ಗ ಜಗ್ಗಿ ನೋಡಿದ್ರೆ ಸಾಕು."

ನಾನು ಕೇಳಲಿಲ್ಲ. ಟ್ಯಾಂಕಿನ ಬಾಯಿಗೆ ಬಗ್ಗಿ, ಮುದುಕಿ ಏನಂದ್ಲೋ ಎಂದು ಕೂಗಿದೆ. ಅಡುಗೆಮನೆ ಬಾಗಿಲಲ್ಲಿ ಮ್ಯಾನೇಜರೇ ಬಂದು ನಿಂತ. ತುಟಿಯ ಮೇಲೆ ಬೆರಳಿಟ್ಟುಕೊಂಡ, ಇನ್ನೊಂದು ಬೆರಳನ್ನು ಮಹಡಿಯ ಕಡೆ ತೋರಿಸಿದ. ಅಷ್ಟೇ. ಮೇಸ್ತ್ರಿ ನನ್ನ ಕೈಯಿಂದ ಹಗ್ಗ ಕಿತ್ತುಕೊಂಡು ತನ್ನ ತೋಳಿಗೆ ಸುತ್ತಿಕೊಂಡ. ಇನ್ನೊಂದು ಕೈಯನ್ನು ನನ್ನ ಬಾಯಿಗೆ ಒತ್ತಿ ಹಿಡಿದು ಗೋಡೆಗೆ ಆನಿಸಿದ. ನಾನು ಕೊಸರಾಡಿದೆ. ಕಾಲಿನಿಂದ ಒದ್ದೆ. ಮೇಲೆ ಯಾರೋ ಜೋಕ್ ಹೇಳಿದರು, ಎಲ್ಲರೂ ನಕ್ಕರು. ಮೇಸ್ತ್ರಿ ಹಗ್ಗ ಜಗ್ಗಿದ. ಹಗ್ಗ ಅಲ್ಲಾಡಿತು. ಅದು ಒಳಗೆ ಬಕೆಟ್ಟಿಗೆ ಸಿಕ್ಕಿಕೊಂಡು ಅಲ್ಲಾಡಿದ್ದು ಎಂದು ಆಮೇಲೆ ಗೊತ್ತಾಯಿತು. "ನೋಡು, ಚೆನ್ನಾಗೇ ಇದಾನೆ," ಎಂದ. ನಾನು ಅವನ ಅಂಗೈಯನ್ನು ರಕ್ತ ಬರುವ ಹಾಗೆ ಕಚ್ಚಿದೆ. ಬಿಡಿಸಿಕೊಂಡು, ಹಗ್ಗ ಕಿತ್ತುಕೊಂಡು ಟ್ಯಾಂಕಿನ ಬಾಯಿಯ ಅಂಚಿಗೆ ಹೋಗಿ ಬಿದ್ದೆ.

"ಮುದುಕಿ ಏನಂದ್ಲೋ? ಹೇಳೋ!"

ಒಳಗಿಂದ ಉತ್ತರ ಬಂತು.

"ಹೂಂ."

ಎಳೆದೆ. ಅಂಗೈ ಚರ್ಮ ಹಗ್ಗಕ್ಕೆ ಅಂಟಿಕೊಂಡು ಬಂತು. ಬದುಕಿದ್ದ ತಮ್ಮ ಅಷ್ಟು ಭಾರ ಇರಲಿಲ್ಲ.

ಮೇಲೆ ತಂದು ಮಲಗಿಸಿದಾಗ ಕಣ್ಣು ಅರ್ಧ ತೆರೆದಿತ್ತು. ಎದೆ ಒತ್ತಿದೆ, ಕೆನ್ನೆಗೆ ಹೊಡೆದೆ, ಅಮ್ಮ ಬೈಯುತ್ತಿದ್ದ ಹಾಗೆ ಬೈದೆ. ಇಲ್ಲಿ ಬೇಡ, ಆ ಗೇಟಿನ ಹತ್ರ ತಗೊಂಡು ಹೋಗಿ ಎಂದ ಮ್ಯಾನೇಜರ್. ಸ್ವಲ್ಪ ಹೊತ್ತಿಗೆ ಮೇಸ್ತ್ರಿಯ ಕೈಯಲ್ಲಿ ಒಂದು ಬಾಟಲಿ ಇತ್ತು. ಎಲ್ಲಿಂದ ಬಂತೋ ನಾನು ನೋಡಲಿಲ್ಲ. ಎಚ್ಚರ ಆಗ್ಲಿ ಎನ್ನುತ್ತ ತಮ್ಮನ ಬಾಯಿಗೆ ಹೊಯ್ದ, ಎದೆಯ ಮೇಲೆಲ್ಲ ಸುರಿದ. ಮನೆಗೆ ಬಂದಿದ್ದು ಸಾರಾಯಿ ನಾರುವ ಹೆಣ. ಕುಡಿದಿದ್ದ, ಯಾರಿಗೂ ಹೇಳದೆ ತಾನಾಗೇ ಇಳಿದ ಎಂದು ಮೇಸ್ತ್ರಿ ಹೇಳಿದ. ಹೌದು ಎಂದ ಮ್ಯಾನೇಜರ್. ಪೊಲೀಸರು ಅದನ್ನೇ ಬರೆದುಕೊಂಡರು, ನಾನು ಹೇಳಿದ್ದನ್ನು ಬರೆದುಕೊಳ್ಳಲಿಲ್ಲ. ಹೋಟೆಲಿನವರು ಕೈತೊಳೆದುಕೊಂಡರು.

ತಮ್ಮನ ಹೆಂಡತಿ ಅವನ ಮುಖದ ಹತ್ತಿರ ಬಗ್ಗಿದಳು. ಮೂಸಿದಳು. ನೆಟ್ಟಗೆ ನಿಂತಳು. "ಮಗು ತಲೆ ಮುಟ್ಟಿ ಹೇಳಿದ್ದ," ಎಂದಳು. ಅಳಲಿಲ್ಲ. ಅವತ್ತಿನಿಂದ ಅವನ ಸುದ್ದಿ ಎತ್ತಿಲ್ಲ. ಮಗಳು ಅಪ್ಪ ಎಂದರೆ ಮಾತು ಬದಲಿಸುತ್ತಾಳೆ. ಗೋಡೆಯ ಮೇಲಿದ್ದ ಅವನ ಫೋಟೋ ಟ್ರಂಕಿನ ತಳ ಸೇರಿದೆ. ನನಗೆ ಹೊಟ್ಟೆ ಉರಿಯುವುದು ಇದಕ್ಕೇ. ಕೊಂದಿದ್ದು ಸಾಲದು ಎಂದು ಅವಳ ಮನಸ್ಸಿನಿಂದಲೂ ಅವನನ್ನು ಕಿತ್ತು ಹಾಕಿದರು.

ಹೇಳಿ ಮುಗಿಸಿದೆ. ಮೇಡಂ ಕಣ್ಣು ಒರೆಸಿಕೊಳ್ಳುತ್ತಿದ್ದರು. ಮೂಲೆಯಲ್ಲಿ ಚಾಕುವಿನ ಸದ್ದು ನಿಂತಿತ್ತು.

"ವಾಸನೆ ನಾನೇ ನೋಡಿದೀನಿ ಅತ್ತಿಗೆ," ಎಂದಳು ತಮ್ಮನ ಹೆಂಡತಿ, ತಿರುಗದೆ. "ನೀವು ಅವನ ಅಕ್ಕ. ನೀವು ಇನ್ನೇನು ಹೇಳ್ತೀರ?"

ಮತ್ತೆ ಹೆಚ್ಚತೊಡಗಿದಳು.

ಮೇಡಂ ನನ್ನ ಕೈ ಹಿಡಿದುಕೊಂಡರು. "ಅಮ್ಮ, ಇದನ್ನ ನೀವು ವೇದಿಕೆ ಮೇಲೆ ಹೇಳಬೇಕು. ಮಾತಾಡಿಸಿದವರಲ್ಲಿ ಕೆಲವರನ್ನ ಕರೀತಿದೀವಿ. ಜನ ಬರ್ತಾರೆ, ಕೇಳ್ತಾರೆ." ಎಲ್ಲಿ ಎಂದು ಕೇಳಿದೆ. ಅವರು ಹೇಳಿದ ಜಾಗ ಕೇಳಿ ನನಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಅದೇ ಹೋಟೆಲು.

"ಹಾಲ್ ಅವರೇ ಕೊಟ್ಟಿದಾರೆ," ಎಂದರು ಮೇಡಂ. ಧ್ವನಿ ಸ್ವಲ್ಪ ಇಳಿಯಿತು. "ಅದಕ್ಕೇ ಹೋಟೆಲು, ಮ್ಯಾನೇಜರು ಅದೆಲ್ಲ ಬೇಡ. ನೋವನ್ನ ಹೇಗೆ ಎದುರಿಸಿದ್ರಿ, ಅದನ್ನ ಹೇಳಿ. ನಿಮ್ಮ ಧೈರ್ಯದ ಬಗ್ಗೆ."

"ಎಲ್ಲಿ ಎದುರಿಸ್ದೆ ಮೇಡಂ? ಬಚ್ಚಲ ತೂತಿನ ಮುಂದೆ ಕೂತ್ರೂ ಕಿವಿ ಕೊಡ್ತೀನಿ. ಕೊಡದೊಳಗೆ ನೀರು ಬಿದ್ರೆ ಅವನ ಧ್ವನಿ. ಯಾರಾದ್ರೂ ಮುದುಕಿ ಬಸ್ಸಲ್ಲಿ ಎದುರು ಕೂತ್ರೆ, ನನ್ನ ತಮ್ಮನಿಗೆ ಏನಂದೆ ತಾಯಿ ಅಂತ ಕೇಳ್ಬೇಕು ಅನ್ಸುತ್ತೆ. ಒಂದ್ಸಲ ಕೇಳೂ ಬಿಟ್ಟೆ. ಆಯಮ್ಮ ಎದ್ದು ಬೇರೆ ಕಡೆ ಹೋದ್ಲು."

ಆದರೂ ಬರ್ತೀನಿ ಎಂದೆ. ಅವತ್ತು ಅಂಗಳದಲ್ಲಿದ್ದವರೆಲ್ಲ ಅಲ್ಲಿರುತ್ತಾರಲ್ಲ, ಅದಕ್ಕೆ. ಅವರು ಹೋದ ಮೇಲೆ ತಮ್ಮನ ಹೆಂಡತಿಯ ಎದುರಿಗೆ ಹೋಗಿ ಕೂತೆ.

"ನೀನೂ ಬರ್ಬೇಕು."

"ನಾನ್ಯಾಕೆ?"

"ನಾನು ಸುಳ್ಳಿ ಆಗಿದ್ರೆ, ಅವರ ಮನೇಲಿ ನಿಂತು ಅವರ ಮುಖಕ್ಕೇ ಹೇಳಕ್ಕಾಗುತ್ತಾ? ಬಂದು ನೋಡು. ಆಮೇಲೂ ನಂಬಿಕೆ ಬರ್ಲಿಲ್ಲ ಅಂದ್ರೆ, ಇನ್ನು ಈ ಮಾತು ಎತ್ತಲ್ಲ."

ಅವಳು ಹೆಚ್ಚಿದ ತರಕಾರಿ ಎತ್ತಿಕೊಂಡು ಒಲೆಯ ಕಡೆ ಹೋದಳು. ಆದರೆ ಕಾರ್ಯಕ್ರಮದ ದಿನ ನನಗಿಂತ ಮೊದಲೇ ತಲೆ ಬಾಚಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ಮುಂಬಾಗಿಲಲ್ಲಿ ಕಾವಲುಗಾರ ತಡೆದ. ಕೆಲಸದೋರು ಹಿಂದಿನ ಗೇಟಿಂದ ಎಂದ. ಮೇಡಂ ಓಡಿ ಬಂದು ಕರೆದುಕೊಂಡು ಹೋದರು. ನೆಲದ ಮೇಲೆ ದಪ್ಪ ಹಾಸು, ಕಾಲಿಟ್ಟರೆ ಸದ್ದೇ ಇಲ್ಲ. ಈಜು ಕಲಿಸುವವನು ಮಾತಾಡಿದ, ಬೇಕರಿಯವನು ಮಾತಾಡಿದ. ಒಳ್ಳೆಯ ಜನ, ಅವರ ಮೇಲೆ ನನಗೇನೂ ಸಿಟ್ಟಿಲ್ಲ. ಮುಂದಿನ ಸಾಲಿನಲ್ಲಿ ಮ್ಯಾನೇಜರ್ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದ. ನನ್ನ ಗುರುತು ಅವನಿಗೆ ಸಿಗಲಿಲ್ಲ. ತೊಳೆದ ಬಟ್ಟೆ ಹಾಕಿಕೊಂಡಿದ್ದೆನಲ್ಲ.

ನಾನು ಮೈಕಿನ ಮುಂದೆ ನಿಂತೆ. ಚಿಕ್ಕಪ್ಪನಿಂದ ಶುರು ಮಾಡಿದೆ. ಹಗ್ಗ, ಬಕೆಟ್ಟು, ಬಸ್ಸು, ಮುದುಕಿ. ಜನ ಕೆಮ್ಮುವುದನ್ನೂ ನಿಲ್ಲಿಸಿ ಕೇಳುತ್ತಿದ್ದರು. "ಅದು ಇದೇ ಹೋಟ್ಲು. ಈ ಗೋಡೆ ಆಚೆಗೆ," ಎಂದೆ. ಮ್ಯಾನೇಜರ್ ಕಾಲು ಕೆಳಗಿಳಿಸಿದ. ತುಟಿಯ ಮೇಲೆ ಬೆರಳಿಟ್ಟವನು ಯಾರು ಎಂದು ಅವನ ಕಡೆ ಕೈ ತೋರಿಸಿದೆ. ಮೈಕ್ ಸತ್ತುಹೋಯಿತು.

ನನಗೆ ಮೈಕ್ ಯಾಕೆ ಬೇಕು? ನೆಲದೊಳಗಿನ ಮನುಷ್ಯರಿಗೆ ಕೇಳಿಸಿದ ಗಂಟಲು ಇದು. ಮುಂದುವರಿಸಿದೆ. ಮುಂದಿನ ಸಾಲಿನಿಂದ ಯಾರೋ ಚಪ್ಪಾಳೆ ಶುರು ಮಾಡಿದರು. ಮುಗಿಯಿತು ಎಂದುಕೊಂಡು ಉಳಿದವರೂ ತಟ್ಟಿದರು. ಮೇಡಂ ಬಂದು ಮೊಣಕೈ ಹಿಡಿದರು. "ಸಾಕಮ್ಮ, ಪ್ಲೀಸ್. ಇಳೀರಿ."

"ಇಳಿಯಲ್ಲ," ಎಂದೆ. ವೇದಿಕೆಯ ಮೇಲೆ ನೆಲಕ್ಕೆ ಕೂತುಬಿಟ್ಟೆ. "ಅವತ್ತು ಸುಮ್ನಿರು ಅಂದ್ರಿ. ಮನೆಗೆ ಬಂದು ಮಾತಾಡು ಅಂದ್ರಿ. ಈಗ ಸಾಕು ಅಂತೀರ. ಎತ್ತಿಕೊಂಡು ಹೋಗ್ಬೇಕು ನನ್ನ, ನಾನಾಗೇ ಏಳಲ್ಲ."

ಚಪ್ಪಾಳೆ ನಿಂತಿತು. ಮ್ಯಾನೇಜರ್ ಎದ್ದು ಜನರ ಕಡೆ ತಿರುಗಿದ. ಬಹಳ ಮರ್ಯಾದೆಯ ಧ್ವನಿ. "ಕ್ಷಮಿಸಿ. ಪಾಪ, ತಮ್ಮನನ್ನ ಕಳ್ಕೊಂಡಿದಾರೆ. ಆದ್ರೆ ಅವನು ಕುಡಿದಿದ್ದ. ಮೈಯೆಲ್ಲ ವಾಸನೆ ಹೊಡೀತಿತ್ತು. ಬೇಕಿದ್ರೆ ಅವನ ಹೆಂಡ್ತೀನೇ ಕೇಳಿ, ಪೊಲೀಸರ ಮುಂದೆ ಅವಳೂ ಹಾಗೇ ಹೇಳಿದಾಳೆ."

ಹಿಂದಿನ ಸಾಲಿನಲ್ಲಿ ತಮ್ಮನ ಹೆಂಡತಿ ತಲೆ ತಗ್ಗಿಸಿದಳು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕುಡಿದಿದ್ದನಂತೆ ಎಂಬ ಪಿಸುಮಾತು ಸಾಲಿನಿಂದ ಸಾಲಿಗೆ ಹೋಯಿತು. ಇಷ್ಟೇ, ಇನ್ನು ಇಷ್ಟೇ ಎಂದುಕೊಂಡೆ. ಇಲ್ಲಿಗೆ ಅವಳನ್ನು ಕರೆತಂದು ತಮ್ಮನನ್ನು ಇನ್ನೊಂದು ಸಲ ಕಳೆದುಕೊಂಡೆ.

"ಬಾಟ್ಲಿ ತಂದ್ಕೊಟ್ಟಿದ್ದು ನಾನು ಸಾರ್."

ಬಾಗಿಲ ಬಳಿ ನೀರಿನ ಲೋಟಗಳ ಟ್ರೇ ಹಿಡಿದು ಆ ವಯಸ್ಸಾದ ವೇಟರ್ ನಿಂತಿದ್ದ. ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು.

"ನೀನು ಒಳಗೆ ಹೋಗು," ಎಂದ ಮ್ಯಾನೇಜರ್.

"ನೀವೇ ಕಳ್ಸಿದ್ರಿ ಸಾರ್, ಬಾರಿಂದ ಒಂದು ಬಾಟ್ಲಿ ತಗೊಂಬಾ ಅಂತ. ಸೀಲ್ ಒಡೆದಿದ್ದೂ ನಾನೇ. ಗಲಾಟೆ ಮಾಡ್ಬೇಡಿ ಅಂತ ಹೋಗಿ ಹೇಳಿದ್ದೂ ನಾನೇ. ಎಚ್ಚರ ಮಾಡಕ್ಕೆ ಇರ್ಬೇಕು ಅಂದ್ಕೊಂಡೆ. ಆದ್ರೆ ಬಾಯಿಗೆ ಹೊಯ್ದಿದ್ದು ಒಳಗೇ ಹೋಗ್ಲಿಲ್ಲ. ಪಕ್ಕಕ್ಕೆ ಹರೀತು. ಸತ್ತವನು ಹೇಗೆ ನುಂಗ್ತಾನೆ ಸಾರ್?"

"ನಾಳೆಯಿಂದ ಕೆಲಸಕ್ಕೆ ಬರಬೇಡ."

"ಬರಲ್ಲ." ಟ್ರೇಯನ್ನು ಬಗ್ಗಿ ನೆಲದ ಮೇಲಿಟ್ಟ. "ಬಂದ್ರೂ ಆ ಅಂಗಳ ದಾಟಿ ಬರಕ್ಕಾಗಲ್ಲ ನಂಗೆ. ಇವತ್ತಿನವರೆಗೂ ಆ ಟ್ಯಾಂಕಿನ ಮುಚ್ಚಳ ಬಳಸ್ಕೊಂಡೇ ಓಡಾಡಿದೀನಿ."

ತಮ್ಮನ ಹೆಂಡತಿ ಎದ್ದಳು. ಕುರ್ಚಿಗಳ ನಡುವೆ ನಡೆದು ವೇಟರ್ ಎದುರಿಗೆ ಬಂದು ನಿಂತಳು.

"ಬಾಟ್ಲಿ ಬರೋಕೆ ಮುಂಚೆ ವಾಸನೆ ಇತ್ತಾ?"

"ಇರ್ಲಿಲ್ಲಮ್ಮ. ಟ್ಯಾಂಕಿನ ನಾತ ಬಿಟ್ರೆ ಏನೂ ಇರ್ಲಿಲ್ಲ."

"ಮಗಳ ಮೇಲೆ ಆಣೆ ಮಾಡಿದ್ದ ಅವನು," ಎಂದಳು. ಇನ್ನೊಂದು ಸಲ ಅದನ್ನೇ ಹೇಳಲು ಹೋದಳು, ಆಗಲಿಲ್ಲ. ಆ ದಿನ ಬರದ ಅಳು ಈಗ ಬಂತು. ಅಂಥ ಅಳುವನ್ನು ನಾನು ಕೇಳಿಲ್ಲ. ಮುಂದಿನ ಸಾಲಿನ ಒಬ್ಬ ಹೆಂಗಸು ಕಿವಿ ಮುಚ್ಚಿಕೊಂಡಳು. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ವೇದಿಕೆ ಹತ್ತಿ ಬಂದು ನನ್ನ ಪಕ್ಕ ನೆಲದ ಮೇಲೆ ಕೂತಳು. ನನ್ನ ಬೆರಳುಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕೆಲವರು ಎದ್ದು ಹೋದರು. ಬಹಳ ಜನ ಹೋಗಲಿಲ್ಲ. ಮೇಡಂ ಕೈಯಲ್ಲಿದ್ದ ರೆಕಾರ್ಡರಿನ ಕೆಂಪು ದೀಪ ಉರಿಯುತ್ತಲೇ ಇತ್ತು.

"ನನ್ನ ಗಂಡ ಕುಡಿದಿರ್ಲಿಲ್ಲ ಅಂತ ನೀವು ಹೇಳಿ," ಎಂದಳು ಮ್ಯಾನೇಜರಿಗೆ. "ಇಲ್ಲೇ. ಇವರೆಲ್ಲರ ಮುಂದೆ."

ಅವನು ಬಾಗಿಲ ಕಡೆ ನೋಡಿದ. ಅಲ್ಲಿ ವೇಟರ್ ನಿಂತಿದ್ದ. ಅವನ ಹಿಂದೆ ಅಡುಗೆಮನೆಯವರು, ಪಾತ್ರೆ ತೊಳೆಯುವವರು ಒದ್ದೆ ಕೈಯಲ್ಲೇ ಬಂದು ನಿಂತಿದ್ದರು. ಮ್ಯಾನೇಜರ್ ವೇದಿಕೆಯ ಹತ್ತಿರ ಬಂದು ಬಗ್ಗಿ ಮೆಲ್ಲಗೆ ಹೇಳಿದ.

"ಆಫೀಸಿಗೆ ಬಾಮ್ಮ, ಕೂತು ಮಾತಾಡೋಣ. ಇಲ್ಲಿ ಗಲಾಟೆ ಬೇಡ."

"ಗಲಾಟೆ ಆಗ್ಲಿ ಸಾರ್," ಎಂದಳು. "ಜೋರಾಗಿ ಹೇಳಿ."